ಮೈನಸ್ ಮೂವತ್ತು ಅಂದ್ರೆ ಏನು?

ದಾವಣಗೆರೆಯಲ್ಲಿ ವಾಣಿಜ್ಯ ಮತ್ತು ಅರ್ಥಶಾಸ್ತ್ರ ಕಲಿಸುವ ಮೇಷ್ಟ್ರುಗಳು, ಕೊನೆಯ ವರ್ಷದ ಒಂದಷ್ಟು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಬೋರ್ಡ್ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಒಬ್ಬ ಹುಡುಗನಿಂದ ಶುರು ಮಾಡುತ್ತೇನೆ. ಬಿ.ಕಾಂ. ಓದುತ್ತಿದ್ದ. ಲೆಕ್ಕದಲ್ಲಿ ಚುರುಕು. ರಿಗ್ರೆಷನ್ ಪ್ರಶ್ನೆ, ಅಂದರೆ ಒಂದು ಸಂಖ್ಯೆ ನೋಡಿ ಇನ್ನೊಂದನ್ನು ಊಹಿಸುವ ಗೆರೆಯ ಲೆಕ್ಕ, ಕೊಟ್ಟರೆ ಎಕ್ಸ್, ವೈ, ಎಕ್ಸ್ ವರ್ಗ, ಎಕ್ಸ್‌ವೈ ಅಂತ ಕಾಲಂ ಎಳೆದು, ಹತ್ತು ನಿಮಿಷದಲ್ಲಿ ಉತ್ತರದ ಕೆಳಗೆ ಎರಡು ಗೆರೆ ಹಾಕಿಬಿಡುತ್ತಿದ್ದ. ಜಾಹೀರಾತಿನ ಖರ್ಚು ಮತ್ತು ಮಾರಾಟದ ಮೇಲೆ ಪ್ರಾಜೆಕ್ಟ್ ಮಾಡಿದ್ದ. ವೈವಾದಲ್ಲಿ ಕೇಳಿದೆ: "2.4 ಬಂದಿದೆಯಲ್ಲಪ್ಪ, ಹಾಗಂದ್ರೆ ಏನು?"

"ಅದು ರಿಗ್ರೆಷನ್ ಕೋಎಫಿಶಿಯೆಂಟ್ ಸರ್."

"ಅದು ಹೆಸರು. ಅಂಗಡಿ ಯಜಮಾನ ನಿನ್ನ ಮುಂದೆ ಕೂತಿದ್ದಾನೆ ಅನ್ಕೋ. ಅವನಿಗೆ ಏನಂತ ಹೇಳ್ತೀಯ?"

ಹುಡುಗ ಸುಮ್ಮನಾದ. ಒಂದು ರೂಪಾಯಿ ಜಾಹೀರಾತಿಗೆ ಜಾಸ್ತಿ ಹಾಕಿದ ತಿಂಗಳುಗಳಲ್ಲಿ ಮಾರಾಟ ಸರಾಸರಿ ಎರಡು ರೂಪಾಯಿ ನಲವತ್ತು ಪೈಸೆ ಜಾಸ್ತಿ ಇತ್ತು. ಇಷ್ಟೇ ಮಾತು. ಇದು ಅವನ ಬಾಯಿಗೆ ಬರಲಿಲ್ಲ. ಅವನನ್ನು ದೂರಲು ನನಗೆ ಮನಸ್ಸಾಗಲಿಲ್ಲ. ಮೂರು ಸೆಮಿಸ್ಟರ್‌ನಲ್ಲಿ ಒಂದು ಸಲವಾದರೂ ಯಾರಾದರೂ ಅವನಿಗೆ ಈ ಪ್ರಶ್ನೆ ಕೇಳಿದ್ದರೆ ತಾನೇ?

ನಮ್ಮ ಪರೀಕ್ಷೆಗಳಲ್ಲಿ ಬಹಳ ವರ್ಷಗಳಿಂದ ಬರುವ ಒಂದು ಪ್ರಶ್ನೆ ಇಲ್ಲಿ ಕೂತಿರುವ ಎಲ್ಲರಿಗೂ ಗೊತ್ತು. ಎರಡು ರಿಗ್ರೆಷನ್ ಸಮೀಕರಣ ಕೊಡುತ್ತಾರೆ. ಎರಡೂ ಸರಾಸರಿ ಕಂಡುಹಿಡಿ, ಸಹಸಂಬಂಧದ ಗುಣಾಂಕ (ಎರಡೂ ಎಷ್ಟರ ಮಟ್ಟಿಗೆ ಜೊತೆಜೊತೆಗೆ ಬದಲಾಗುತ್ತವೆ ಅನ್ನುವ ಅಳತೆ) ಕಂಡುಹಿಡಿ ಅನ್ನುತ್ತಾರೆ. ಎಕ್ಸ್ ಏನು, ವೈ ಏನು ಅಂತ ಹೇಳಿರುವುದಿಲ್ಲ. ಅದು ಅಡಿಕೆಯೋ, ಸಂಬಳವೋ, ಮಳೆಯೋ, ಯಾರಿಗೂ ಬೇಕಿಲ್ಲ. ಇದು ಬೀಜಗಣಿತದ ಲೆಕ್ಕ. ಒಳ್ಳೆಯ ಬೀಜಗಣಿತವೇ ಇರಬಹುದು, ಆದರೆ ಸಂಖ್ಯಾಶಾಸ್ತ್ರ ಅಲ್ಲ. ಯಾವ ಊರಿನ, ಯಾವ ವಸ್ತುವಿನ, ಯಾವ ಅಳತೆಯ ಸಂಖ್ಯೆ ಅಂತ ಗೊತ್ತಿಲ್ಲದ ಕಡೆ ಸಂಖ್ಯಾಶಾಸ್ತ್ರ ಶುರುವಾಗುವುದೇ ಇಲ್ಲ.

ಅದಕ್ಕೇ ನಾನು ಮೆಕ್ಕೆಜೋಳ ಹಿಡಿದುಕೊಂಡೆ.

ನಮ್ಮ ತರಗತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳ ಮನೆಯಲ್ಲಿ ಮೆಕ್ಕೆಜೋಳ ಬೆಳೆಯುತ್ತಾರೆ. ಕೊಯ್ಲಾದ ಮೇಲೆ ರಸ್ತೆ ಅಂಚಿನ ತುಂಬ ಹರಡಿ ಒಣಗಿಸುವುದನ್ನು ನೀವೆಲ್ಲ ನೋಡಿದ್ದೀರಿ. ಯಾಕೆ ಒಣಗಿಸುತ್ತಾರೆ? ಎಪಿಎಂಸಿ ಯಾರ್ಡಿಗೆ ಹೋದರೆ ಗೊತ್ತಾಗುತ್ತದೆ. ಖರೀದಿದಾರ ಬಂದು ಚೀಲಕ್ಕೆ ಕೊಳವೆ ಚುಚ್ಚಿ ಒಂದು ಹಿಡಿ ಕಾಳು ತೆಗೆಯುತ್ತಾನೆ. ಅಂಗೈ ಮೇಲೆ ಹರಡಿ ನೋಡುತ್ತಾನೆ. ಒಂದು ಕಾಳು ಹಲ್ಲಿಗೆ ಹಾಕಿ ಕಡಿಯುತ್ತಾನೆ. ಕಟ್ ಅಂದರೆ ಒಣಗಿದೆ, ಮೆತ್ತಗೆ ಒತ್ತಿಕೊಂಡರೆ ಹಸಿ. ಈಗ ತೇವಾಂಶದ ಮೀಟರ್ ಇಟ್ಟುಕೊಂಡಿರುವವರೂ ಇದ್ದಾರೆ. ಆಮೇಲೆ ಒಂದು ರೇಟು.

ಈ ಒಂದು ನಿಮಿಷದಲ್ಲಿ ನಮ್ಮ ಇಡೀ ಪಠ್ಯ ಇದೆ. ಹಿಡಿ ಕಾಳಿನಿಂದ ಚೀಲದ ಗುಣ ಊಹಿಸುವುದು ಸ್ಯಾಂಪ್ಲಿಂಗ್. ಮೇಲಿನ ಕಾಳು ಬಿಟ್ಟು ಒಳಗಿನಿಂದ ತೆಗೆಯಲು ಕೊಳವೆ ಚುಚ್ಚುತ್ತಾನಲ್ಲ, ಸ್ಯಾಂಪಲ್ ಒಂದು ಕಡೆಗೆ ವಾಲಬಾರದು ಅನ್ನುವ ಎಚ್ಚರ ಅದು. ಇನ್ನು ಹಸಿ ನೋಡಿ ರೇಟು ಹೇಳುವುದು ರಿಗ್ರೆಷನ್. ಆ ಮನುಷ್ಯ ಸೂತ್ರ ಕಲಿತಿಲ್ಲ, ಆದರೆ ಸಾವಿರಾರು ಚೀಲ ನೋಡಿ ತಲೆಯಲ್ಲಿ ಒಂದು ಗೆರೆ ಎಳೆದುಕೊಂಡಿದ್ದಾನೆ.

ಮಕ್ಕಳಿಗೆ ಹೇಳಿದೆ, ಮನೆಯಲ್ಲಿ ದಲಾಲಿ ಅಂಗಡಿಯ ಪಟ್ಟಿ ಇದ್ದರೆ ತನ್ನಿ ಅಂತ. ಒಂದೇ ವಾರದಲ್ಲಿ ಮಾರಿದ ಐದು ಪಟ್ಟಿ ಆರಿಸಿ, ಬೋರ್ಡಿಗೆ ಸುಲಭವಾಗಲಿ ಅಂತ ಸಂಖ್ಯೆಗಳನ್ನು ದುಂಡಗೆ ಮಾಡಿಕೊಂಡೆವು. ತೇವಾಂಶ ಶೇಕಡಾ 12, 14, 16, 18, 20. ಕ್ವಿಂಟಾಲಿಗೆ ಸಿಕ್ಕ ರೇಟು ಅದೇ ಸಾಲಿನಲ್ಲಿ 2200, 2160, 2080, 2060, 1950 ರೂಪಾಯಿ.

ಸೂತ್ರ ಬರೆಯಲಿಲ್ಲ. ಮೊದಲು ಗ್ರಾಫ್ ಹಾಳೆಯಲ್ಲಿ ಐದು ಚುಕ್ಕಿ ಇಡಿಸಿದೆ. ಬೆಂಚಿಗೆ ಒಂದರಂತೆ ಕಸಬರಿಗೆ ಕಡ್ಡಿ ಕೊಟ್ಟೆ. "ಈ ಕಡ್ಡಿಯನ್ನ ಚುಕ್ಕಿಗಳ ನಡುವೆ ಹೇಗೆ ಇಟ್ಟರೆ ಎಲ್ಲಕ್ಕೂ ಹತ್ತಿರ ಬರುತ್ತೆ, ನೋಡಿ" ಅಂದೆ. ತರಗತಿಯಲ್ಲಿ ಗಲಾಟೆ ಎದ್ದಿತು. ಅಷ್ಟು ಒಳ್ಳೆಯ ಗಲಾಟೆ ನಾನು ಈ ವಿಷಯದ ತರಗತಿಯಲ್ಲಿ ಕೇಳಿರಲಿಲ್ಲ. ಒಬ್ಬ ಮೊದಲ ಚುಕ್ಕಿಗೂ ಕೊನೆ ಚುಕ್ಕಿಗೂ ಕಡ್ಡಿ ಮುಟ್ಟಿಸಿದರೆ ಸಾಕು ಅಂದ. ಪಕ್ಕದವಳು "ಹಂಗಾದ್ರೆ ನಡುವಿನ ಮೂರು ಯಾಕೆ ಬೇಕು?" ಅಂದಳು. ಒಂದು ಬೆಂಚಿನವರು ತೇವಾಂಶ ಒಂದು ಅಂಕ ಏರಿದರೆ 25 ರೂಪಾಯಿ ಇಳಿಯುವ ಹಾಗೆ ಕಡ್ಡಿ ಇಟ್ಟರು. ಇನ್ನೊಂದು ಬೆಂಚು 33 ಅಂದಿತು.

ಯಾರದು ಸರಿ ಅಂತ ತೀರ್ಮಾನ ಮಾಡುವುದು ಹೇಗೆ? ಪ್ರತಿ ಚುಕ್ಕಿ ಕಡ್ಡಿಯಿಂದ ಎಷ್ಟು ಮೇಲೆ, ಎಷ್ಟು ಕೆಳಗೆ ಅಂತ ಅಳೆಯಬೇಕು. ಸುಮ್ನೆ ಕೂಡಿದರೆ ಪ್ಲಸ್ಸು ಮೈನಸ್ಸು ಒಂದನ್ನೊಂದು ತಿಂದುಬಿಡುತ್ತವೆ. ಅದಕ್ಕೇ ವರ್ಗ ಮಾಡಿ ಕೂಡುತ್ತೇವೆ. 25ರ ಬೆಂಚಿನವರು ಕಡ್ಡಿಯನ್ನು ತೇವಾಂಶದ ಸರಾಸರಿ, ರೇಟಿನ ಸರಾಸರಿ ಎರಡೂ ಸೇರುವ ಚುಕ್ಕಿಯ ಮೇಲೆ ಹಾಯಿಸಿದ್ದರು. ಅವರ ತಪ್ಪುಗಳು 10, 20, ಮೈನಸ್ 10, 20, ಮೈನಸ್ 40. ವರ್ಗಗಳ ಮೊತ್ತ 2600. ಇದಕ್ಕಿಂತ ಕಡಿಮೆ ಮಾಡೋಕಾಗುತ್ತಾ ಅಂತ ಎಲ್ಲರೂ ಕಡ್ಡಿ ಆಚೆ ಈಚೆ ಸರಿಸಿದರು.

ಸೂತ್ರ ಬಂದಿದ್ದು ಆಗ. ತೇವಾಂಶದ ಸರಾಸರಿ 16, ರೇಟಿನ ಸರಾಸರಿ 2090. ಸರಾಸರಿಯಿಂದ ದೂರಗಳನ್ನು ಗುಣಿಸಿ ಕೂಡಿದರೆ ಮೈನಸ್ 1200. ತೇವಾಂಶದ ದೂರಗಳ ವರ್ಗ ಕೂಡಿದರೆ 40. ಭಾಗಿಸಿದರೆ ಮೈನಸ್ 30. ಆ ಗೆರೆಯ ತಪ್ಪುಗಳು ಮೈನಸ್ 10, 10, ಮೈನಸ್ 10, 30, ಮೈನಸ್ 20. ವರ್ಗಗಳ ಮೊತ್ತ 1600. ಕಡ್ಡಿ ಎಷ್ಟು ಸರಿಸಿದರೂ ಇದಕ್ಕಿಂತ ಕೆಳಗೆ ಇಳಿಯಲಿಲ್ಲ. 1805ರಲ್ಲಿ ಫ್ರಾನ್ಸಿನ ಲೆಜಾಂಡ್ರ್ ಧೂಮಕೇತುಗಳ ಹಾದಿ ಲೆಕ್ಕ ಹಾಕುವ ಪುಸ್ತಕವೊಂದರ ಕೊನೆಗೆ ಸೇರಿಸಿದ ವಿಧಾನ ಇದು, ಈಗ ನಮ್ಮ ಮೆಕ್ಕೆಜೋಳಕ್ಕೂ ಬಂತು ಅಂದೆ. ಹತ್ತು ನಿಮಿಷ ಕಡ್ಡಿ ಸರಿಸಿ ಸೋತ ಮಕ್ಕಳಿಗೆ ಸೂತ್ರ ಅಂದರೆ ಏನು ಅಂತ ಬೇರೆ ವಿವರಣೆ ಬೇಕಾಗಲಿಲ್ಲ.

ಆಮೇಲೆ ಅದೇ ಪ್ರಶ್ನೆ. "ಮೈನಸ್ ಮೂವತ್ತು ಅಂದ್ರೆ ಏನು?"

ಜಗಳೂರು ಕಡೆಯ ಒಬ್ಬ ಹುಡುಗಿ, ಅಲ್ಲಿಯವರೆಗೆ ತರಗತಿಯಲ್ಲಿ ಬಾಯಿ ತೆಗೆದವಳಲ್ಲ, ಎದ್ದು ನಿಂತು ಹೇಳಿದಳು: "ಹಸಿ ಒಂದು ಪರ್ಸೆಂಟ್ ಜಾಸ್ತಿ ಇದ್ರೆ ಕ್ವಿಂಟಾಲಿಗೆ ಮೂವತ್ತು ರೂಪಾಯಿ ಮುರೀತಾರೆ ಸರ್. ಎಲ್ಲ ಚೀಲಕ್ಕೂ ಅಷ್ಟೇ ಅಲ್ಲ. ಸುಮಾರಾಗಿ."

ಆ "ಸುಮಾರಾಗಿ" ಇದೆಯಲ್ಲ, ಅದು ನನಗೆ ಬಹಳ ಖುಷಿ ಕೊಟ್ಟಿತು. ಇಂಗ್ಲಿಷ್ ಪುಸ್ತಕದಲ್ಲಿ ಆ ಮಾತಿಗೆ ಅರ್ಧ ಸಾಲು ಇರುತ್ತದೆ, ಮಕ್ಕಳು ಅದನ್ನು ಬಿಟ್ಟು ಓದುತ್ತಾರೆ. ಅವಳು ಅದನ್ನು ಅಪ್ಪನಿಂದ ಕಲಿತಿದ್ದಳು.

ಸಮೀಕರಣದಲ್ಲಿ ಇನ್ನೊಂದು ಸಂಖ್ಯೆ ಉಳಿದಿತ್ತು, 2570. ತೇವಾಂಶ ಸೊನ್ನೆ ಇದ್ದಾಗಿನ ರೇಟು. "ಅಂಥ ಜೋಳ ಎಲ್ಲಿ ಸಿಗುತ್ತೆ ಸರ್?" ಅಂದರು. ಎಲ್ಲೂ ಸಿಗುವುದಿಲ್ಲ. ನಮ್ಮ ಚುಕ್ಕಿಗಳು 12ರಿಂದ 20ರವರೆಗೆ ಇವೆ. ಗೆರೆಗೆ ಮಾತಾಡುವ ಹಕ್ಕು ಅಷ್ಟರೊಳಗೆ. ಅದರ ಆಚೆ ಗೆರೆ ಎಳೆಯಬಹುದು, ನಂಬಬಾರದು. ಒಂದು ಕಂಪನಿಯ ಐದು ವರ್ಷದ ಲೆಕ್ಕ ನೋಡಿ ಇಪ್ಪತ್ತನೇ ವರ್ಷದ ಮಾರಾಟ ಹೇಳುವ ಪ್ರಾಜೆಕ್ಟ್‌ಗಳನ್ನು ನಾವು ವರ್ಷ ವರ್ಷ ಸಹಿ ಹಾಕಿ ಒಪ್ಪುತ್ತೇವೆ. ಈ ಸೊನ್ನೆ ತೇವಾಂಶದ ಜೋಳ ನೋಡಿದ ಮಕ್ಕಳು ಅಂಥದ್ದನ್ನು ಬರೆಯುವ ಮುಂಚೆ ಒಂದು ಕ್ಷಣ ನಿಲ್ಲುತ್ತಾರೆ.

ಗೆರೆ ಚುಕ್ಕಿಗಳಿಗೆ ಎಷ್ಟು ಚೆನ್ನಾಗಿ ಹೊಂದುತ್ತದೆ ಅಂತ ಸೊನ್ನೆಯಿಂದ ಒಂದರವರೆಗೆ ಅಳೆಯುವ ಆರ್ ವರ್ಗ 0.96 ಬಂತು. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಕ್ಕಳು ಅದನ್ನು ಅಂಕಪಟ್ಟಿ ಥರ ನೋಡುತ್ತಾರೆ, 96 ಬಂದರೆ ಡಿಸ್ಟಿಂಕ್ಷನ್ ಅನ್ನೋ ಹಾಗೆ. ಅಂಥವರಿಗೆ ಸಂಖ್ಯಾಶಾಸ್ತ್ರಜ್ಞ ಆನ್ಸ್ಕೋಂಬ್ 1973ರಲ್ಲಿ ಮಾಡಿ ತೋರಿಸಿದ್ದನ್ನು ತೋರಿಸಿ. ಹನ್ನೊಂದು ಹನ್ನೊಂದು ಚುಕ್ಕಿಗಳ ನಾಲ್ಕು ಗುಂಪು. ನಾಲ್ಕರಲ್ಲೂ ಎಕ್ಸ್ ಸರಾಸರಿ 9, ವೈ ಸರಾಸರಿ 7.5, ಸಹಸಂಬಂಧ 0.816, ಗೆರೆಯೂ ಒಂದೇ. ಚಿತ್ರ ಬರೆದರೆ ಒಂದು ಸಾಧಾರಣ ಚದುರಿದ ಚುಕ್ಕಿ, ಇನ್ನೊಂದು ಬಾಗಿದ ಬಿಲ್ಲು, ಮೂರನೆಯದರಲ್ಲಿ ಒಂದೇ ಚುಕ್ಕಿ ಗೆರೆಯನ್ನು ಎಳೆದಾಡುತ್ತದೆ, ನಾಲ್ಕನೆಯದರಲ್ಲಿ ಒಂದು ಚುಕ್ಕಿ ಇಲ್ಲದಿದ್ದರೆ ಗೆರೆಯೇ ಇಲ್ಲ. ಫೋನಿನಲ್ಲೇ ಸ್ಪ್ರೆಡ್‌ಶೀಟ್ ಇರುವ ಕಾಲ ಇದು. ಚಿತ್ರ ಬರೆಯದೆ ರಿಗ್ರೆಷನ್ ಮಾಡಿದ ಪ್ರಾಜೆಕ್ಟನ್ನು ವಾಪಸ್ ಕೊಡಬೇಕು ಅಂತಲೇ ನಾನು ಹೇಳುತ್ತೇನೆ.

ಪರೀಕ್ಷೆಯಲ್ಲಿ ಎರಡು ಸಮೀಕರಣ ಕೊಡುತ್ತಾರಲ್ಲ, ಎರಡು ಗೆರೆ ಯಾಕೆ ಅನ್ನುವ ಪ್ರಶ್ನೆಗೂ ಮೆಕ್ಕೆಜೋಳದಲ್ಲೇ ಉತ್ತರ ಇದೆ. ತೇವಾಂಶ ಗೊತ್ತಿದ್ದು ರೇಟು ಊಹಿಸುವವನು ಖರೀದಿದಾರ. ಪಟ್ಟಿಯಲ್ಲಿ ರೇಟು ಮಾತ್ರ ನೋಡಿ "ಜೋಳ ಎಷ್ಟು ಹಸಿ ಇದ್ದಿರಬೇಕು" ಅಂತ ಊಹಿಸುವವನು ಇನ್ನೊಬ್ಬ. ಇಬ್ಬರ ತಪ್ಪೂ ಬೇರೆ. ಒಬ್ಬನದು ರೂಪಾಯಿಯಲ್ಲಿ, ಒಬ್ಬನದು ಪರ್ಸೆಂಟಿನಲ್ಲಿ. ಆದ್ದರಿಂದ ಗೆರೆಯೂ ಬೇರೆ.

ಈಗ "ರಿಗ್ರೆಷನ್" ಅನ್ನುವ ಹೆಸರಿಗೆ ಬರೋಣ. ಹಿಂದಕ್ಕೆ ಸರಿಯುವುದು ಅಂತ ಅದರ ಅರ್ಥ. ಬೆಲೆಗೂ ಮಾರಾಟಕ್ಕೂ ಯಾಕೆ ಈ ಹೆಸರು? 1886ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 205 ಜೋಡಿ ತಂದೆತಾಯಿ, ಅವರ ಬೆಳೆದ 928 ಮಕ್ಕಳ ಎತ್ತರದ ಲೆಕ್ಕ ಪ್ರಕಟಿಸಿದ. ಬಹಳ ಎತ್ತರದವರ ಮಕ್ಕಳು ಎತ್ತರವೇ ಇದ್ದರು, ಆದರೆ ಅಷ್ಟಲ್ಲ. ತಂದೆತಾಯಿ ಸರಾಸರಿಯಿಂದ ಮೂರು ಅಂಗುಲ ಮೇಲಿದ್ದರೆ ಮಕ್ಕಳು ಸುಮಾರು ಎರಡು ಅಂಗುಲ ಮೇಲೆ. ಕುಳ್ಳಗಿದ್ದವರ ಮಕ್ಕಳೂ ಹಾಗೇ ಸರಾಸರಿ ಕಡೆಗೆ ಸರಿದಿದ್ದರು.

ಇದನ್ನು ನಾನು ಎತ್ತರದಲ್ಲಿ ಹೇಳುವುದಿಲ್ಲ, ಇಂಟರ್ನಲ್ ಪರೀಕ್ಷೆಯಲ್ಲಿ ಹೇಳುತ್ತೇನೆ. ಮೊದಲ ಟೆಸ್ಟಿನಲ್ಲಿ ಮೇಲಿದ್ದ ಐದು ಜನರ ಎರಡನೇ ಟೆಸ್ಟ್ ನೋಡಿ. ಸಾಮಾನ್ಯವಾಗಿ ಸರಾಸರಿ ಸ್ವಲ್ಪ ಇಳಿದಿರುತ್ತದೆ. ಕೆಳಗಿದ್ದ ಐದು ಜನರದು ಏರಿರುತ್ತದೆ. ಮೇಲಿದ್ದವರನ್ನು ಹೊಗಳಿದ್ದಕ್ಕೆ ಸೊಕ್ಕು ಬಂತು, ಕೆಳಗಿದ್ದವರಿಗೆ ಬೈದಿದ್ದಕ್ಕೆ ಬುದ್ಧಿ ಬಂತು ಅಂತ ನಾವು ತಿಳಿದುಕೊಳ್ಳುತ್ತೇವೆ. ನಿಜ ಏನೆಂದರೆ ಮೊದಲ ಟೆಸ್ಟಿನ ತುತ್ತತುದಿಯಲ್ಲಿ ಓದಿನ ಜೊತೆ ಆ ದಿನದ ಅದೃಷ್ಟವೂ ಸೇರಿರುತ್ತದೆ. ಅದೃಷ್ಟ ಎರಡನೇ ಸಲ ಜೊತೆಗೇ ಬರಬೇಕು ಅಂತಿಲ್ಲ. ಮೇಷ್ಟ್ರುಗಳೇ, ಇದನ್ನು ನಾವು ಮೊದಲು ಅರ್ಥ ಮಾಡಿಕೊಂಡರೆ ಎಷ್ಟೋ ಮಕ್ಕಳು ಸುಮ್ಮಸುಮ್ಮನೆ ಬೈಗುಳ ತಿನ್ನುವುದು ತಪ್ಪುತ್ತದೆ.

ಇನ್ನೊಂದು ವಿಷಯಕ್ಕೆ ಸ್ವಲ್ಪ ಜಾಸ್ತಿ ಸಮಯ ತೆಗೆದುಕೊಳ್ಳುತ್ತೇನೆ. ಅರ್ಥಶಾಸ್ತ್ರದ ಮಕ್ಕಳಿಗೆ ಇದಕ್ಕಿಂತ ಮುಖ್ಯವಾದದ್ದು ಇಲ್ಲ.

ಭತ್ತದ ಇಳುವರಿ ಮತ್ತು ಯೂರಿಯಾ. ಬೋರ್ಡಿಗಾಗಿ ನಾನೇ ಕಟ್ಟಿದ ಲೆಕ್ಕ ಇದು. ಎಕರೆಗೆ ಒಂದು ಮೂಟೆ ಯೂರಿಯಾ ಜಾಸ್ತಿ ಹಾಕಿದ ರೈತರು ಮೂರು ಚೀಲ ಜಾಸ್ತಿ ಭತ್ತ ಬೆಳೆದರು ಅಂತ ಗೆರೆ ಹೇಳುತ್ತದೆ ಅನ್ಕೊಳ್ಳಿ. ಹಾಗಾದರೆ ಎಲ್ಲ ರೈತರಿಗೂ ಇನ್ನೊಂದು ಮೂಟೆ ಹಾಕಿ ಅನ್ನಬಹುದಾ? ತರಗತಿಯ ಒಳ್ಳೆಯ ಮಕ್ಕಳೆಲ್ಲ ಹೂಂ ಅನ್ನುತ್ತಾರೆ. ಮಲೇಬೆನ್ನೂರು ಕಡೆಯ ಹುಡುಗ ಒಬ್ಬ ಅಲ್ಲಾಡಲಿಲ್ಲ. "ಸರ್, ನೀರು ಗ್ಯಾರಂಟಿ ಇದ್ದೋರು ತಾನೇ ಗೊಬ್ಬರಕ್ಕೆ ದುಡ್ಡು ಹಾಕೋದು?" ಅಂದ.

ಭದ್ರಾ ನಾಲೆಯ ಮೇಲ್ಭಾಗದಲ್ಲಿ ಗದ್ದೆ ಇರುವವರಿಗೆ ನೀರು ಮೊದಲು ಸಿಗುತ್ತದೆ. ಕೊನೆ ಭಾಗದವರು ನೀರು ಬರುತ್ತೋ ಇಲ್ಲವೋ ಅಂತ ಕಾಯಬೇಕು, ಎಷ್ಟೋ ವರ್ಷ ಅದಕ್ಕಾಗಿ ಬೀದಿಗಿಳಿದಿದ್ದಾರೆ. ನೀರಿನ ನಂಬಿಕೆ ಇಲ್ಲದವನು ಗೊಬ್ಬರಕ್ಕೆ ಸಾಲ ಮಾಡುವುದಿಲ್ಲ. ಆದ್ದರಿಂದ ಜಾಸ್ತಿ ಯೂರಿಯಾ ಇರುವ ಕಡೆ ಜಾಸ್ತಿ ನೀರೂ ಇರುತ್ತದೆ. ಆ ಮೂರು ಚೀಲದಲ್ಲಿ ಯೂರಿಯಾದ್ದೆಷ್ಟು, ನೀರಿನದ್ದೆಷ್ಟು? ಗೆರೆಗೆ ಗೊತ್ತಿಲ್ಲ. ಅದಕ್ಕೆ ನೀರಿನ ಲೆಕ್ಕ ನಾವು ಕೊಟ್ಟಿಲ್ಲವಲ್ಲ. ಮೇಲ್ಭಾಗದ ರೈತರನ್ನು ಮೇಲ್ಭಾಗದವರ ಜೊತೆ, ಕೊನೆ ಭಾಗದವರನ್ನು ಕೊನೆ ಭಾಗದವರ ಜೊತೆ ಮಾತ್ರ ಹೋಲಿಸಿ ನೋಡಿದರೆ ಮೂರು ಚೀಲ ಒಂದು ಚೀಲಕ್ಕೆ ಇಳಿಯಬಹುದು. "ಉಳಿದದ್ದೆಲ್ಲ ಒಂದೇ ಇದ್ದಾಗ" ಅಂತ ಪುಸ್ತಕದಲ್ಲಿ ಬರುತ್ತದಲ್ಲ, ಅದರ ಅರ್ಥ ಇದು. ಒಂದೇ ನಾಲೆ ಭಾಗದ ಇಬ್ಬರು ರೈತರನ್ನು ಅಕ್ಕಪಕ್ಕ ನಿಲ್ಲಿಸುವುದು. ಮಲ್ಟಿಪಲ್ ರಿಗ್ರೆಷನ್ ಅಂತ ದೊಡ್ಡ ಹೆಸರಿಟ್ಟು ಹೆದರಿಸುವ ಪಾಠದ ಒಳಗಿರುವುದು ಈ ಅಕ್ಕಪಕ್ಕ ನಿಲ್ಲಿಸುವ ಕೆಲಸವೇ.

ಈ ತಪ್ಪು ಪರೀಕ್ಷೆಯಲ್ಲಿ ಅರ್ಧ ಅಂಕಕ್ಕೆ ಮುಗಿಯಬಹುದು. ಆದರೆ ಇದೇ ಮಕ್ಕಳು ನಾಳೆ ಬ್ಯಾಂಕಿನಲ್ಲಿ, ಕೃಷಿ ಇಲಾಖೆಯಲ್ಲಿ ಕೂತು ಮೂರು ಚೀಲದ ಲೆಕ್ಕ ನಂಬಿ ಕೊನೆ ಭಾಗದ ರೈತನಿಗೆ ಗೊಬ್ಬರದ ಸಾಲ ಹೊರಿಸಿದರೆ? ಅದಕ್ಕೇ ಇದನ್ನು ನಾನು ಮೂರು ಮೂರು ಸಲ ಹೇಳುತ್ತೇನೆ.

ಕಾಲದ ಜೊತೆ ಏರುವ ಎರಡು ಸಂಖ್ಯೆಗಳ ಬಗ್ಗೆಯೂ ಎಚ್ಚರ ಬೇಕು. ಚಿನ್ನದ ಬೆಲೆ ಏರಿದೆ, ಊರಲ್ಲಿ ಬೈಕುಗಳೂ ಏರಿವೆ, ಸಹಸಂಬಂಧ ಒಂದರ ಹತ್ತಿರ ಬಂದೇ ಬರುತ್ತದೆ. ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಯೂಲ್ 1926ರಲ್ಲೇ ಇದನ್ನು ತೋರಿಸಿದ್ದ. 1866ರಿಂದ 1911ರವರೆಗೆ ಇಂಗ್ಲೆಂಡಿನ ಮದುವೆಗಳಲ್ಲಿ ಚರ್ಚ್ ಆಫ್ ಇಂಗ್ಲೆಂಡಿನಲ್ಲಿ ನಡೆದವುಗಳ ಪಾಲು ಮತ್ತು ಸಾವಿನ ಪ್ರಮಾಣ ಇಟ್ಟುಕೊಂಡು ನೋಡಿದರೆ ಸಹಸಂಬಂಧ 0.95. ಎರಡೂ ವರ್ಷ ವರ್ಷ ಇಳಿಯುತ್ತಿದ್ದವು, ಅಷ್ಟೇ.

ಭಾಷೆ ಬಗ್ಗೆ ಒಂದು ಮಾತು. ನಮ್ಮ ಬಹಳ ಮಕ್ಕಳು ಪಿಯುಸಿವರೆಗೆ ಕನ್ನಡದಲ್ಲಿ ಓದಿ ಬಂದವರು. ಪರೀಕ್ಷೆ ಯಾವ ಭಾಷೆಯಲ್ಲಾದರೂ ಬರೆಯಲಿ, ಸ್ಲೋಪ್ (ಗೆರೆಯ ಇಳಿಜಾರು, ನಮ್ಮ ಮೈನಸ್ ಮೂವತ್ತು) ಅನ್ನುವ ಪದ ಹಾಗೇ ಇರಲಿ. ಆದರೆ ಅರ್ಥವನ್ನು ಒಂದು ಸಲ ಕನ್ನಡದಲ್ಲಿ, ಬಾಯಿಬಿಟ್ಟು ಹೇಳಲಿ. "ಸಿಗ್ನಿಫಿಕೆಂಟ್" ಅನ್ನೋದನ್ನೇ ನೋಡಿ. ಮಕ್ಕಳು "ಮಹತ್ವದ್ದು" ಅಂತ ಬರೆಯುತ್ತಾರೆ. ಸಾವಿರಾರು ಚೀಲದ ಲೆಕ್ಕ ಇದ್ದರೆ ಕ್ವಿಂಟಾಲಿಗೆ ಒಂದು ರೂಪಾಯಿ ವ್ಯತ್ಯಾಸವೂ ಸಿಗ್ನಿಫಿಕೆಂಟ್ ಬರಬಹುದು. ಆ ಒಂದು ರೂಪಾಯಿಗೆ ಯಾವ ರೈತನೂ ಜೋಳ ವಾಪಸ್ ಹೊರುವುದಿಲ್ಲ. "ಇದು ಬರೀ ಆಕಸ್ಮಿಕ ಅನ್ನೋದು ಕಷ್ಟ" ಅಂತ ಬರೆಸಿ. ಉದ್ದ ಆಯಿತು, ಇರಲಿ. ಅರ್ಥ ಸರಿಯಾಗಿದೆ.

ಮಕ್ಕಳ ಪ್ರಶ್ನೆಗೆ ಎಷ್ಟು ತೂಕ ಇದೆ ಅನ್ನುವುದಕ್ಕೆ ನಮ್ಮ ಪಕ್ಕದ ಊರಿನದೇ ಸಾಕ್ಷಿ ಇದೆ. ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ 1920ರಲ್ಲಿ ಹುಟ್ಟಿದ್ದು ಹೂವಿನಹಡಗಲಿಯಲ್ಲಿ, ಹರಪನಹಳ್ಳಿ ದಾಟಿದರೆ ಸಿಗುವ ಹಡಗಲಿ. ಕಲ್ಕತ್ತೆಯಲ್ಲಿ ಪಾಠ ಮಾಡುವಾಗ ಅವರು ದೊಡ್ಡ ಸ್ಯಾಂಪಲ್‌ಗೆ ಹೊಂದುವ ಒಂದು ಫಲಿತಾಂಶ ವಿವರಿಸುತ್ತಿದ್ದರು. ಒಬ್ಬ ವಿದ್ಯಾರ್ಥಿ ಎದ್ದು, ಸಣ್ಣ ಸ್ಯಾಂಪಲ್‌ಗೆ ಇದನ್ನು ಸಾಧಿಸಬಹುದಾ ಅಂತ ಕೇಳಿದ. ರಾವ್ ಮನೆಗೆ ಹೋಗಿ ರಾತ್ರಿ ಕೂತು ಬಿಡಿಸಿದರು. ಒಂದು ಅಂದಾಜು ಎಷ್ಟರ ಮಟ್ಟಿಗೆ ನಿಖರ ಆಗಬಹುದು ಅನ್ನುವ ಆ ಮಿತಿ 1945ರಲ್ಲಿ ಪ್ರಕಟವಾಯಿತು. ಕ್ರಾಮೇರ್-ರಾವ್ ಮಿತಿ ಅಂತ ಜಗತ್ತು ಅದನ್ನು ಕರೆಯುತ್ತದೆ. ಪ್ರಶ್ನೆ ಕೇಳಿದ ವಿದ್ಯಾರ್ಥಿ ವಿ.ಎಂ. ದಾಂಡೇಕರ್, ಮುಂದೆ ಭಾರತದ ಬಡತನದ ಬಗ್ಗೆ ಕೆಲಸ ಮಾಡಿದ ದೊಡ್ಡ ಅರ್ಥಶಾಸ್ತ್ರಜ್ಞ. ಅರ್ಥಶಾಸ್ತ್ರದ ಮಕ್ಕಳು ಇದನ್ನು ನೆನಪಿಟ್ಟುಕೊಳ್ಳಬೇಕು.

ಕೊನೆಗೆ ಆ ನಾಲ್ಕನೇ ಚುಕ್ಕಿ. ತೇವಾಂಶ 18 ಇದ್ದ ಜೋಳಕ್ಕೆ ಗೆರೆ ಪ್ರಕಾರ 2030 ಸಿಗಬೇಕಿತ್ತು, ಸಿಕ್ಕಿದ್ದು 2060. ಮೂವತ್ತು ರೂಪಾಯಿ ಜಾಸ್ತಿ. ಸೂತ್ರ ಇದನ್ನು ಶೇಷ ಅಂತ ಬದಿಗಿಡುತ್ತದೆ. ನಾನು ಮಕ್ಕಳಿಗೆ ಅದನ್ನೇ ಮನೆಗೆಲಸ ಕೊಟ್ಟಿದ್ದೆ. ಆ ಪಟ್ಟಿ ಜಗಳೂರು ಕಡೆಯ ಹುಡುಗಿಯ ಮನೆಯದು.

ಸೋಮವಾರ ತರಗತಿಗೆ ಮುಂಚೆಯೇ ಬಂದು ನಿಂತಿದ್ದಳು. "ಸರ್, ಆ ಮೂವತ್ತು ಸಿಕ್ತು. ಅವತ್ತು ಖರೀದಿದಾರರ ಲಾರಿ ಯಾರ್ಡಲ್ಲೇ ನಿಂತಿತ್ತಂತೆ. ಲೋಡಿಗೆ ಸ್ವಲ್ಪ ಕಮ್ಮಿ ಇತ್ತಂತೆ. ನಮ್ಮಪ್ಪ ಒಣಗಿಸಿಕೊಂಡು ನಾಳೆ ಬರ್ತೀನಿ ಅಂತ ಚೀಲ ಎತ್ತಿಸೋಕೆ ಹೋದ್ರೆ, ಅವರೇ ಕರೆದು ರೇಟು ಏರಿಸಿದ್ರಂತೆ."

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಸರ್, ಲಾರಿ ನಿಂತಿತ್ತಾ ಇಲ್ವಾ ಅನ್ನೋದನ್ನೂ ಒಂದು ಕಾಲಂ ಮಾಡಬಹುದಾ? ನಿಂತಿದ್ರೆ ಒಂದು, ಇಲ್ಲಾಂದ್ರೆ ಸೊನ್ನೆ?"

ಡಮ್ಮಿ ವೇರಿಯಬಲ್ ಅನ್ನುವ ಆ ಪಾಠ ಇನ್ನೂ ಮೂರು ವಾರ ಮುಂದಿತ್ತು. "ಮಾಡಬಹುದಮ್ಮ, ಆದರೆ ಐದು ಪಟ್ಟಿಗೆ ಆಗೋಲ್ಲ. ಲಾರಿ ಇದ್ದ ದಿನ ಒಂದೇ ಇದೆಯಲ್ಲ, ಇನ್ನೂ ಬೇಕು" ಅಂದೆ. ಮರುದಿನ ಅವಳು, ಮಲೇಬೆನ್ನೂರಿನ ಹುಡುಗ, ಇನ್ನಿಬ್ಬರು ಸೇರಿ ರಬ್ಬರ್ ಬ್ಯಾಂಡ್ ಹಾಕಿದ ಪಟ್ಟಿಗಳ ಕಟ್ಟು ತಂದು ಮೇಜಿನ ಮೇಲಿಟ್ಟರು. ಪ್ರತಿ ಪಟ್ಟಿಯ ಹಿಂದೆ ಪೆನ್ಸಿಲಿನಲ್ಲಿ ಒಂದು ಅಥವಾ ಸೊನ್ನೆ ಬರೆದಿತ್ತು.